ಬಣ್ಣದ ವೇಷ ನೋಡುವಾಗ ತಾಯಿ–ಮಗುವಿನ ಹೃದಯ ಬಡಿತ: ಅಳೆಯುವುದು ಹೇಗೆ, ಅರ್ಥ ಮಾಡುವುದು ಹೇಗೆ?

ಪೆರಿಯ_ಎಂಎಸ್ಸಿ
ಎಲ್ಲರಿಗೂ ನಮಸ್ಕಾರ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಅಂಗನವಾಡಿಗಳಲ್ಲಿ 3ರಿಂದ 5 ವರ್ಷದ ಮಕ್ಕಳು ಮತ್ತು ಅವರ ತಾಯಂದಿರನ್ನು ಸೇರಿಸಿ ಒಂದು ಸಣ್ಣ ಅಧ್ಯಯನ ಮಾಡುವ ಯೋಜನೆ ಉಂಟು. ಇಬ್ಬರೂ ಒಟ್ಟಿಗೆ ಖುಷಿ, ಹೆದರಿಕೆ, ಬೇಸರದ ದೃಶ್ಯ ನೋಡುವಾಗ ಹೃದಯ ಬಡಿತ ಒಟ್ಟೊಟ್ಟಿಗೆ ಏರಿಳಿಯುತ್ತದಾ ಎಂದು ನೋಡಬೇಕು. ಈಗಿನ ಕರಡು ಹೀಗಿದೆ: 20 ಜೋಡಿ, ಮಗು ತಾಯಿಯ ಮಡಿಲಲ್ಲಿ, ಇಬ್ಬರ ಕೈಗೂ ಫಿಟ್‌ನೆಸ್ ವಾಚು, 3 ನಿಮಿಷದ ಮೂರು ವಿಡಿಯೋ. ಹೆದರಿಕೆಯ ದೃಶ್ಯಕ್ಕೆ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶ. ಆಮೇಲೆ ಇಬ್ಬರ ಬಡಿತದ ಸಹಸಂಬಂಧ (ಎರಡು ಏರಿಳಿತ ಎಷ್ಟು ಜೊತೆಯಾಗಿ ಹೋಗುತ್ತವೆ ಎಂಬ ಅಂಕೆ, ಹೆಚ್ಚೆಂದರೆ 1) ತೆಗೆಯುವುದು. ಸಹಸಂಬಂಧ ಹೆಚ್ಚಿದ್ದ ಜೋಡಿಯಲ್ಲಿ ಬಾಂಧವ್ಯ ಗಟ್ಟಿ ಎಂದು ತೆಗೆದುಕೊಳ್ಳಬಹುದಾ? ಎಲ್ಲಿ ತಪ್ಪಬಹುದು, ತಿಳಿದವರು ಹೇಳಿ.

ಇಸಿಜಿ_ಬದಿಯಡ್ಕ
ಮೊದಲು ವಾಚು ಬಿಡಿ. ಕೈಗೆ ಕಟ್ಟುವ ವಾಚು ಚರ್ಮದ ಮೂಲಕ ಬೆಳಕು ಹಾಯಿಸಿ ರಕ್ತದ ಹರಿವು ನೋಡುತ್ತದೆ, ಮಗು ಕೈ ಆಡಿಸಿದ ಕೂಡಲೇ ಅಳತೆ ಕೆಡುತ್ತದೆ. ಪರದೆಯಲ್ಲಿ ತೋರಿಸುವ ಅಂಕೆ ಹಲವು ಸೆಕೆಂಡಿನ ಸರಾಸರಿ. ನಿಮಗೆ ಬೇಕಾದ್ದು ಒಂದು ಬಡಿತದಿಂದ ಮುಂದಿನ ಬಡಿತಕ್ಕೆ ಎಷ್ಟು ಮಿಲಿಸೆಕೆಂಡ್ ಎಂಬುದು. ಅದಕ್ಕೆ ಇಸಿಜಿಯೇ ಬೇಕು.

ಎದೆಪಟ್ಟಿಯ ಸಾಧನ ಆದೀತು. ಪೋಲಾರ್ ಎಚ್10 ಬಡಿತದ ಅಂತರವನ್ನು ಮಿಲಿಸೆಕೆಂಡಿನಲ್ಲಿ ಕೊಡುತ್ತದೆ, ಇಸಿಜಿ ಅಲೆಯನ್ನು ಸೆಕೆಂಡಿಗೆ 130 ಸಲ ಮಾದರಿ ತೆಗೆದು ಕಳಿಸುತ್ತದೆ. ತಾಯಂದಿರಿಗೆ ಸಾಕು. ಆದರೆ 3–4 ವರ್ಷದ ಮಗುವಿನ ಎದೆ ಸುತ್ತಳತೆ 50 ಸೆಂ.ಮೀ. ಆಸುಪಾಸು, ಚಿಕ್ಕ ಅಳತೆಯ ಪಟ್ಟಿಯೂ ಸಡಿಲವಾಗಿ ಜಾರುತ್ತದೆ. ಮಕ್ಕಳಿಗೆ ಅಂಟಿಸುವ ಎಲೆಕ್ಟ್ರೋಡ್ ಮೂರು ಹಾಕಿ: ಒಂದು ಬಲ ಕಾಲರ್ ಎಲುಬಿನ ಕೆಳಗೆ, ಒಂದು ಎಡಗಡೆ ಕೊನೆಯ ಪಕ್ಕೆಲುಬಿನ ಹತ್ತಿರ, ಮೂರನೆಯದು ಬಲಗಡೆ ಪಕ್ಕೆಲುಬಿನ ಹತ್ತಿರ. ಸೆಕೆಂಡಿಗೆ 500 ಮಾದರಿ ಸಿಕ್ಕಿದರೆ ಒಳ್ಳೆಯದು, 250ಕ್ಕಿಂತ ಕೆಳಗೆ ಇಳಿಯಬೇಡಿ.

ಈಗ ನಮ್ಮ ಊರಿನ ತೊಂದರೆ. ಮಕ್ಕಳಿಗೆ ಮೀಯಿಸುವ ಮೊದಲೂ ಆಮೇಲೂ ತೆಂಗಿನೆಣ್ಣೆ ಹಚ್ಚುತ್ತಾರೆ, ಮೇಲಿಂದ ಪೌಡರ್. ಈ ಎರಡರ ಮೇಲೂ ಎಲೆಕ್ಟ್ರೋಡ್ ನಿಲ್ಲುವುದಿಲ್ಲ. ಹಿಂದಿನ ದಿನವೇ ತಾಯಂದಿರಿಗೆ ಹೇಳಿ: ನಾಳೆ ಬೆಳಿಗ್ಗೆ ಎದೆ, ಹೊಟ್ಟೆಗೆ ಎಣ್ಣೆ ಪೌಡರ್ ಬೇಡ. ಆದರೂ ಹಚ್ಚಿ ಬಂದರೆ ಸೌಮ್ಯ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ತೇವ ತೆಗೆದು, ಎರಡು ನಿಮಿಷ ಬಿಟ್ಟು ಅಂಟಿಸಿ. ಸ್ಪಿರಿಟ್ ಬೇಡ, ಮಗುವಿಗೆ ಉರಿ. ತಂತಿಯನ್ನು ಒಂದು ಸುತ್ತು ಮಡಚಿ ಟೇಪು ಹಾಕಿ, ಇಲ್ಲದಿದ್ದರೆ ಮಗು ಎಳೆದಾಗ ಎಲೆಕ್ಟ್ರೋಡೇ ಕಿತ್ತು ಬರುತ್ತದೆ. ಕೊನೆಗೆ ತೆಗೆಯುವಾಗ ಅಂಚಿಗೆ ಅದೇ ತೆಂಗಿನೆಣ್ಣೆ ಸವರಿದರೆ ನೋವಿಲ್ಲದೆ ಬಿಡುತ್ತದೆ.

ಜೂನ್–ಜುಲೈಯಲ್ಲಿ ಮಾಡಬೇಡಿ. ಹೊರಗಿನ ತೇವ, ಒಳಗಿನ ಬೆವರು ಸೇರಿ ಅಂಟು ಬೇಗ ಬಿಡುತ್ತದೆ, ಕರೆಂಟಿನ ಭರವಸೆಯೂ ಇಲ್ಲ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿಟ್ಟು ದಾಖಲಿಸಬೇಡಿ, ಕರೆಂಟಿನ 50 ಹರ್ಟ್ಸ್ (ಸೆಕೆಂಡಿಗೆ 50 ಸಲ) ಗದ್ದಲ ಅಲೆಯ ಮೇಲೆ ಕೂತುಬಿಡುತ್ತದೆ. ಬ್ಯಾಟರಿಯಲ್ಲೇ ಓಡಿಸಿ.

ಇಸಿಜಿ_ಬದಿಯಡ್ಕ
ಇನ್ನೊಂದು ಬಿಟ್ಟುಹೋಯಿತು, ಇದು ಮುಖ್ಯ. ಎರಡು ಸಾಧನ ಎಂದರೆ ಎರಡು ಗಡಿಯಾರ. ಒಂದು ಸ್ವಲ್ಪ ಮುಂದೆ, ಒಂದು ಸ್ವಲ್ಪ ಹಿಂದೆ ಓಡುತ್ತದೆ. ಯಾರ ಬಡಿತ ಮೊದಲು ಬದಲಾಯಿತು ಎಂದು ಸೆಕೆಂಡಿನ ಲೆಕ್ಕದಲ್ಲಿ ನೋಡುವವರಿಗೆ ಅರ್ಧ ಸೆಕೆಂಡ್ ತಪ್ಪಿದರೂ ಉತ್ತರ ತಲೆಕೆಳಗು. ಸಾಧನಗಳಲ್ಲಿ ಚಲನೆ ಅಳೆಯುವ ಸೆನ್ಸರ್ ಇದ್ದರೆ, ಕಟ್ಟುವ ಮೊದಲು ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ಕ್ಯಾಮರಾದ ಎದುರು ಮೇಜಿಗೆ ಮೂರು ಸಲ ತಟ್ಟಿ. ಬಿಚ್ಚಿದ ಮೇಲೆ ಮತ್ತೆ ಮೂರು ಸಲ. ಮೊದಲಿನ ತಟ್ಟಿನಿಂದ ಆರಂಭ ಸರಿಮಾಡಬಹುದು, ಕೊನೆಯದರಿಂದ ನಡುವೆ ಎಷ್ಟು ಜಾರಿದೆ ಎಂದು ಲೆಕ್ಕ ಹಾಕಿ ಹಂಚಬಹುದು. ವಿಡಿಯೋದಲ್ಲೂ ಆ ತಟ್ಟು ಕಾಣುವುದರಿಂದ ಮೂರೂ ಒಂದೇ ಸಮಯಕ್ಕೆ ಬರುತ್ತವೆ.

ಚೌಕಿಯಿಂದ
ದೃಶ್ಯದ ಆಯ್ಕೆ ಬಗ್ಗೆ ಎರಡು ಮಾತು. ಬಣ್ಣದ ವೇಷದ ತೆರೆ ಪ್ರವೇಶದಲ್ಲಿ ಹೆದರಿಕೆ ಒಮ್ಮೆಲೇ ಬರುವುದಲ್ಲ, ಹಂತ ಹಂತವಾಗಿ ಕಟ್ಟುತ್ತಾ ಹೋಗುವುದು. ಮೊದಲು ತೆರೆಯ ಹಿಂದಿನಿಂದ ಆರ್ಭಟೆ, ಆಮೇಲೆ ತೆರೆಯ ಮೇಲೆ ಕಿರೀಟದ ತುದಿ, ಕೈ. ಮುಖದ ಚುಟ್ಟಿ (ಬಣ್ಣಗಾರಿಕೆ) ಪೂರ್ತಿ ಕಾಣುವುದು ಕೊನೆಗೆ. ನಿಮ್ಮ ಅಧ್ಯಯನಕ್ಕೆ ಇದು ಬಹಳ ಅನುಕೂಲ: ನಿರೀಕ್ಷೆ ಯಾವಾಗ, ದರ್ಶನ ಯಾವಾಗ ಎಂದು ಸೆಕೆಂಡು ಗುರುತಿಸಬಹುದು. ಮಹಿಷಾಸುರ ದೊಂದಿ ಹಿಡಿದವರ ಜೊತೆ ಸಭೆಯ ಹಿಂದಿನಿಂದ ನುಗ್ಗುವ ದೃಶ್ಯ ಬೇಡ. ಅದು ಬಯಲಿನಲ್ಲಿ ಕೂತವರಿಗೆ ಕಟ್ಟಿದ್ದು, ಪರದೆಯಲ್ಲಿ ಗಲಾಟೆ ಮಾತ್ರ ಉಳಿಯುತ್ತದೆ.

ಚೆಂಡೆಯ ಏರುಪೆಟ್ಟಿಗೆ ಮಗು ಬೆಚ್ಚುವುದು ಬೇರೆ, ವೇಷ ನೋಡಿ ಹೆದರುವುದು ಬೇರೆ. ಧ್ವನಿಯ ಮಟ್ಟ ಮಗುವಿನ ಕಿವಿಯ ಹತ್ತಿರ 70 ಡೆಸಿಬೆಲ್ ದಾಟದಂತೆ ಇಡಿ, ಮೂರೂ ವಿಡಿಯೋಗಳಿಗೆ ಒಂದೇ ಮಟ್ಟ. ಮತ್ತೆ, ಈ ಕಡೆಯ ಎಷ್ಟೋ ಮಕ್ಕಳಿಗೆ ಆಟ (ಯಕ್ಷಗಾನ) ನೋಡಿ ಅಭ್ಯಾಸ ಉಂಟು, ಬಣ್ಣದ ವೇಷ ಬಂದರೆ ಎದ್ದು ಕುಣಿಯುವವರೂ ಇದ್ದಾರೆ. ಮಗು ಮೊದಲು ಆಟ ನೋಡಿದೆಯಾ, ಎಷ್ಟು ಸಲ, ಹೆದರುತ್ತದಾ ಎಂದು ತಾಯಿಯ ಹತ್ತಿರ ಮೊದಲೇ ಕೇಳಿ ಬರೆದಿಡಿ. ಇಲ್ಲದಿದ್ದರೆ ಖುಷಿಯ ಏರಿಕೆಯನ್ನು ಹೆದರಿಕೆ ಎಂದು ಎಣಿಸುತ್ತೀರಿ.

ಮಕ್ಕಳವೈದ್ಯೆ_ಕುಂಬಳೆ
ಕೆಲವು ಅಂಕೆಗಳು ಎದುರಿಗಿರಲಿ. ಎಚ್ಚರವಿರುವ 3–5 ವರ್ಷದ ಮಗುವಿನ ಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 80–120, ತಾಯಿಯದು 60–100. ಉಸಿರಾಟ ಮಗುವಿಗೆ ನಿಮಿಷಕ್ಕೆ 20–30, ತಾಯಿಗೆ 12–20. ಇಬ್ಬರ ಬಡಿತದ ಅಂಕೆ ಒಂದೇ ಆಗುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಒಬ್ಬರ ಏರಿಳಿತ ಇನ್ನೊಬ್ಬರ ಏರಿಳಿತದ ಜೊತೆ ಹೋಗುತ್ತದಾ ಎಂಬುದೇ ಪ್ರಶ್ನೆ.

ಉಸಿರು ಒಳಗೆ ಎಳೆದಾಗ ಬಡಿತ ಚುರುಕಾಗಿ, ಬಿಟ್ಟಾಗ ನಿಧಾನವಾಗುತ್ತದಲ್ಲ, ಆ ಏರಿಳಿತವನ್ನು ಆರ್‌ಎಸ್‌ಎ ಎನ್ನುತ್ತಾರೆ. ಬಡಿತ ನಿಧಾನ ಮಾಡುವ ವೇಗಸ್ ನರ ಹೃದಯವನ್ನು ಎಷ್ಟು ಹಿಡಿದಿಟ್ಟಿದೆ ಎಂಬುದರ ಅಂದಾಜು ಅದರಿಂದ ಸಿಗುತ್ತದೆ. ಎಡವುವುದು ಇಲ್ಲೇ. ಸಾಫ್ಟ್‌ವೇರ್‌ನಲ್ಲಿ ಮೊದಲೇ ಇರುವ ಆವರ್ತನದ ಪಟ್ಟಿ (ಉಸಿರಿನ ಲಯ ಹುಡುಕುವ ವ್ಯಾಪ್ತಿ) ದೊಡ್ಡವರದ್ದು, 0.12–0.40 ಹರ್ಟ್ಸ್. ನಿಮಿಷಕ್ಕೆ 27 ಸಲ ಉಸಿರಾಡುವ ಮಗುವಿನದು 0.45 ಹರ್ಟ್ಸ್, ಪಟ್ಟಿಯಿಂದ ಹೊರಗೆ! ಮಕ್ಕಳಿಗೆ 0.24–1.04 ಹರ್ಟ್ಸ್ ಎಂದು ಕೈಯಾರೆ ಬದಲಿಸಬೇಕು. ಬದಲಿಸದಿದ್ದರೆ ಮಗುವಿನ ಆರ್‌ಎಸ್‌ಎ ಸುಮ್ಮನೆ ಕಡಿಮೆ ಬರುತ್ತದೆ, ಉಸಿರು ನಿಧಾನವಾದಾಗ ಸುಮ್ಮನೆ ಏರುತ್ತದೆ.

ಎರಡನೆಯದು ದತ್ತಾಂಶದ ಶುದ್ಧೀಕರಣ. ಹಿಂದಿನ ಬಡಿತಕ್ಕಿಂತ ಶೇ. 20 ವ್ಯತ್ಯಾಸ ಇದ್ದರೆ ತೆಗೆದುಹಾಕು ಎಂಬ ನಿಯಮ ದೊಡ್ಡವರಿಗೆ ಸರಿ. ಆರೋಗ್ಯವಂತ ಪುಟ್ಟ ಮಕ್ಕಳಲ್ಲಿ ಉಸಿರಿನೊಂದಿಗಿನ ಏರಿಳಿತವೇ ಅಷ್ಟು ದೊಡ್ಡದಿರಬಹುದು, ಆ ನಿಯಮ ನಿಜವಾದ ಬಡಿತವನ್ನೇ ಅಳಿಸುತ್ತದೆ. ಹಾಗೆಂದು ಹಾಗೇ ಬಿಟ್ಟರೆ, ತಪ್ಪಿದ ಒಂದೇ ಬಡಿತ ಆ ಅರ್ಧ ನಿಮಿಷದ ಆರ್‌ಎಸ್‌ಎಯನ್ನು ಬಹಳ ಉಬ್ಬಿಸುತ್ತದೆ. ಮಕ್ಕಳ ಕಡತವನ್ನು ಕಣ್ಣಿನಿಂದಲೇ ನೋಡಿ ಸರಿಪಡಿಸಿ. ನೋಡುವವರಿಗೆ ಅದು ಯಾವ ದೃಶ್ಯದ ತುಣುಕು ಎಂದು ಗೊತ್ತಿರಬಾರದು.

ಯಾರನ್ನು ಆ ದಿನ ಬಿಡಬೇಕು: ಜ್ವರ ಇರುವ ಮಗು, ದಮ್ಮಿಗೆ ಸಾಲ್ಬುಟಮಾಲ್ ತೆಗೆದುಕೊಂಡ ಮಗು, ಬಡಿತ ತಗ್ಗಿಸುವ ಪ್ರೊಪ್ರನಾಲಾಲ್‌ನಂಥ ಮಾತ್ರೆಯಲ್ಲಿರುವ ತಾಯಿ. ಬಸುರಿಯರ ಬಡಿತ ಮೊದಲೇ ಹೆಚ್ಚಿರುತ್ತದೆ, ಅವರನ್ನು ಬೇರೆ ಗುರುತಿಸಿ. ಚಾ, ಕಾಫಿ ಎರಡು ಗಂಟೆ ಮೊದಲೇ ಮುಗಿದಿರಲಿ. ಥೈರಾಯ್ಡ್ ಮಾತ್ರೆ ಬರೆದುಕೊಳ್ಳಿ, ಅದಕ್ಕಾಗಿ ಬಿಡಬೇಕಾಗಿಲ್ಲ.

ಪೆರಿಯ_ಎಂಎಸ್ಸಿ
ಮೇಡಂ, ಜೊಲ್ಲಿನ ಕಾರ್ಟಿಸಾಲ್ (ಒತ್ತಡದ ಹಾರ್ಮೋನ್) ಕೂಡ ಅಳೆದರೆ?

ಮಕ್ಕಳವೈದ್ಯೆ_ಕುಂಬಳೆ
ಬೇಡ ತಂಗಿ. ಜೊಲ್ಲಿನ ಕಾರ್ಟಿಸಾಲ್ ಏರಿ ತುದಿ ಮುಟ್ಟಲು ಘಟನೆಯಾಗಿ 20–30 ನಿಮಿಷ ಬೇಕು. 3 ನಿಮಿಷದ ಮೂರು ದೃಶ್ಯ ಸಾಲಾಗಿ ತೋರಿಸಿದರೆ ಯಾವುದರ ಏರಿಕೆ ಯಾವುದು ಎಂದು ಬಿಡಿಸಲು ಬರುವುದಿಲ್ಲ. ಬೆಳಗ್ಗಿನಿಂದ ಸಂಜೆಗೆ ತಾನಾಗಿ ಇಳಿಯುವ ಹಾರ್ಮೋನ್ ಅದು, ಮಗುವಿನ ಮಧ್ಯಾಹ್ನದ ನಿದ್ದೆಯೂ ಅದನ್ನು ಬದಲಿಸುತ್ತದೆ.

ಅಂಕಿಅಂಶ_ಉಪ್ಪಳ
ಇಷ್ಟು ಹೊತ್ತು ಅಳತೆಯ ಮಾತಾಯಿತು. ನಿಮ್ಮ ಯೋಜನೆಯ ದೊಡ್ಡ ರಂಧ್ರ ಬೇರೆ ಕಡೆ ಉಂಟು.

ಇಬ್ಬರೂ ಒಂದೇ ವಿಡಿಯೋ ನೋಡುತ್ತಿದ್ದಾರೆ. ಆರ್ಭಟೆ ಬಂತು, ಇಬ್ಬರ ಬಡಿತವೂ ಬದಲಾಯಿತು. ಇದರಲ್ಲಿ ತಾಯಿಯಿಂದ ಮಗುವಿಗೆ ಏನಾದರೂ ಹೋಯಿತು ಎಂದು ಹೇಗೆ ಹೇಳುತ್ತೀರಿ? ಒಂದೇ ಮಳೆಗೆ ಎರಡು ಮನೆಯ ಅಂಗಳ ಒದ್ದೆಯಾದರೆ, ಒಂದರ ನೀರು ಇನ್ನೊಂದಕ್ಕೆ ಹರಿಯಿತು ಎನ್ನಲಾಗುವುದಿಲ್ಲ. ಈ ಪ್ರಶ್ನೆಗೆ ಉತ್ತರ ಯೋಜನೆಯ ಒಳಗೇ ಇರಬೇಕು, ವರದಿ ಬರೆಯುವಾಗ ಹುಡುಕಿದರೆ ಸಿಗುವುದಿಲ್ಲ.

ಪರಿಹಾರ: ಸುಳ್ಳು ಜೋಡಿ. ಒಂದನೇ ತಾಯಿಯ ದತ್ತಾಂಶವನ್ನು ಎರಡನೇ ಮಗುವಿನೊಂದಿಗೆ, ಮೂರನೆಯದರೊಂದಿಗೆ, ಹೀಗೆ ಎಲ್ಲರೊಂದಿಗೆ ಜೋಡಿಸಿ. 20 ನಿಜವಾದ ಜೋಡಿಯಿಂದ 380 ಸುಳ್ಳು ಜೋಡಿ ಸಿಗುತ್ತವೆ. ಇವರೂ ಅದೇ ದೃಶ್ಯವನ್ನು ಅದೇ ಸೆಕೆಂಡಿಗೆ ನೋಡಿದವರು, ಆದರೆ ಒಬ್ಬರಿಗೊಬ್ಬರು ಸಂಬಂಧವಿಲ್ಲ. ಸುಳ್ಳು ಜೋಡಿಗಳಲ್ಲಿ ಬರುವ ಸಹಸಂಬಂಧ ದೃಶ್ಯದ್ದು. ನಿಜವಾದ ಜೋಡಿಯಲ್ಲಿ ಅದಕ್ಕಿಂತ ಎಷ್ಟು ಹೆಚ್ಚು ಉಂಟೋ ಅಷ್ಟೇ ನಿಮ್ಮ ಸಿಂಕ್ರೊನಿ (ಇಬ್ಬರ ಏರಿಳಿತದ ಹೊಂದಾಣಿಕೆ). ಇದಕ್ಕಾಗಿ ಎಲ್ಲರಿಗೂ ವಿಡಿಯೋ ಒಂದೇ ಕಡತದಿಂದ, ನಿಲ್ಲಿಸದೆ ಓಡಬೇಕು. ಒಂದು ಮನೆಯವರಿಗೆ ನಡುವೆ ನಿಲ್ಲಿಸಿ ಮತ್ತೆ ಹಾಕಿದರೆ ಆ ಜೋಡಿಯ ಆ ದೃಶ್ಯ ಈ ಲೆಕ್ಕಕ್ಕೆ ಬರುವುದಿಲ್ಲ.

ಸುಳ್ಳು ಜೋಡಿಯೂ ಪೂರ್ತಿ ಸಾಲದು. ಒಂದೇ ಮನೆಯ ತಾಯಿ–ಮಗುವಿಗೆ ಆಟ ನೋಡಿದ ಅಭ್ಯಾಸ ಒಂದೇ ಇರುತ್ತದೆ, ಸ್ವಭಾವವೂ ಹತ್ತಿರ. ಅದಕ್ಕೆ ಇನ್ನೊಂದು ವ್ಯವಸ್ಥೆ: ಒಂದೇ ಬಗೆಯ ಎರಡು ದೃಶ್ಯ ತೆಗೆದುಕೊಂಡು, ಒಂದನ್ನು ಇಬ್ಬರೂ ಪಕ್ಕಪಕ್ಕ ಕೂತು ನೋಡಲಿ, ಇನ್ನೊಂದನ್ನು ನಡುವೆ ಪರದೆ ಎಳೆದು, ಮಗುವಿನ ಹತ್ತಿರ ಟೀಚರ್ ಕೂತು ನೋಡಲಿ. ಯಾವುದು ಮೊದಲು ಎಂಬುದು ಜೋಡಿಯಿಂದ ಜೋಡಿಗೆ ಬದಲಾಗಬೇಕು, ಯಾವ ದೃಶ್ಯ ಯಾವ ವ್ಯವಸ್ಥೆಗೆ ಎಂಬುದೂ ಬದಲಾಗಬೇಕು.

ಇನ್ನು ನೇರ ಸಹಸಂಬಂಧದ ಮೋಸ. ಬಡಿತದ ಅಂತರವನ್ನು ಸೆಕೆಂಡಿಗೆ 4 ಬಿಂದುವಿನಂತೆ ಮಾಡಿದರೆ 3 ನಿಮಿಷಕ್ಕೆ 720 ಬಿಂದು. ನೋಡಲು ತುಂಬಾ ಇದ್ದಂತೆ ಕಾಣುತ್ತದೆ, ಆದರೆ ಪ್ರತಿ ಬಿಂದುವೂ ಹಿಂದಿನದನ್ನೇ ಹೋಲುತ್ತದೆ. ಕೂತು ಕೂತು ಇಬ್ಬರ ಬಡಿತವೂ ಮೆಲ್ಲನೆ ಇಳಿಯುತ್ತಾ ಹೋದರೆ ಸಾಕು, ಏನೂ ಸಂಬಂಧವಿಲ್ಲದವರ ನಡುವೆಯೂ 0.6 ಬಂದೀತು. ಮೊದಲು ಆ ನಿಧಾನದ ಇಳಿಜಾರು ತೆಗೆಯಿರಿ, ಆಮೇಲೆ ಪ್ರತಿಯೊಬ್ಬರ ಸರಣಿಯಿಂದ ಅವರದೇ ಹಿಂದಿನ ಬೆಲೆಯ ಪ್ರಭಾವ ತೆಗೆಯಿರಿ, ಉಳಿದದ್ದನ್ನು ಹೋಲಿಸಿ. ಆರ್‌ಎಸ್‌ಎಗೆ ತದ್ವಿರುದ್ಧ ಸಮಸ್ಯೆ: 30 ಸೆಕೆಂಡಿಗೆ ಒಂದು ಬೆಲೆ ಎಂದರೆ 3 ನಿಮಿಷಕ್ಕೆ 6 ಬಿಂದು. ಆರು ಬಿಂದುವಿನಲ್ಲಿ ಒಂದು ಜೋಡಿಯ ಬಗ್ಗೆ ಏನೂ ಹೇಳಲಾಗದು. ಎಲ್ಲ ಜೋಡಿಗಳನ್ನೂ ಸೇರಿಸಿ ಬಹುಸ್ತರದ ಮಾದರಿ (ಜೋಡಿಯ ಒಳಗಿನ ಮತ್ತು ಜೋಡಿಗಳ ನಡುವಿನ ವ್ಯತ್ಯಾಸವನ್ನು ಬೇರೆ ಬೇರೆ ಲೆಕ್ಕ ಹಾಕುವುದು) ಹಾಕಿ, ಪ್ರತಿ ತಾಯಿಯ ಬೆಲೆಯಿಂದ ಅವಳದೇ ಸರಾಸರಿಯನ್ನು ಕಳೆದು ಕೊಡಿ. ಹಾಗೆ ಕಳೆಯದಿದ್ದರೆ, ಆರ್‌ಎಸ್‌ಎ ಸಹಜವಾಗಿ ಹೆಚ್ಚಿರುವ ತಾಯಿಯ ಮಗುವಿಗೂ ಹೆಚ್ಚು ಎಂಬ ಬೇರೆಯೇ ಸಂಗತಿ ಒಳಗೆ ಸೇರಿಕೊಳ್ಳುತ್ತದೆ.

ಮಡಿಲು ಬೇಡ. ಮಗು ಹೊರಳಿದರೆ ತಾಯಿಯ ಎದೆಪಟ್ಟಿಯೂ ಅಲುಗುತ್ತದೆ, ಇಬ್ಬರ ಕಡತದಲ್ಲೂ ಒಂದೇ ಕ್ಷಣಕ್ಕೆ ದೋಷ ಬಿದ್ದು ಅದೇ ಸಿಂಕ್ರೊನಿಯಂತೆ ಕಾಣುತ್ತದೆ.

ಪೆರಿಯ_ಎಂಎಸ್ಸಿ
ಸರ್, ಹೆದರಿದ ಮಗು ತಾನಾಗಿ ಮಡಿಲು ಹತ್ತಿದರೆ ತಡೆಯುವುದಾ?

ಅಂಕಿಅಂಶ_ಉಪ್ಪಳ
ಖಂಡಿತ ತಡೆಯಬಾರದು. ಹತ್ತಿದ ಸೆಕೆಂಡು ವಿಡಿಯೋದಿಂದ ಬರೆದಿಡಿ. ಹತ್ತುವ ಮೊದಲು, ಹತ್ತಿದ ಮೇಲೆ ಎಂದು ಎರಡು ಭಾಗ ಮಾಡಿ. ಅಲುಗಿದ ಕೆಲವು ಸೆಕೆಂಡು ಬಿಟ್ಟುಬಿಡಿ.

ಮಗುಮನಸ್ಸು_ಅಧ್ಯಾಪಕಿ
ಮೊದಲ ಬರಹದ ಕೊನೆಯ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ: ಸಿಂಕ್ರೊನಿ ಹೆಚ್ಚಿದ್ದರೆ ಬಾಂಧವ್ಯ ಗಟ್ಟಿಯಾ? ಇಲ್ಲ, ಹಾಗೆ ತೆಗೆದುಕೊಳ್ಳಬೇಡಿ.

ಹೊಂದಾಣಿಕೆ ಇದೆ ಎಂಬುದಕ್ಕೆ ಆಧಾರ ಉಂಟು. ರೂತ್ ಫೆಲ್ಡ್‌ಮನ್ ತಂಡ 2011ರಲ್ಲಿ, ಮೂರು ತಿಂಗಳ ಶಿಶು ಮತ್ತು ತಾಯಿ ಎದುರುಬದುರು ಕೂತು ಆಡುವಾಗ ಹೃದಯದ ಲಯಗಳು ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಜೊತೆಗೂಡುವುದನ್ನು ತೋರಿಸಿತು. ಮುಖಭಾವ, ದನಿ ಕೂಡಿಬಂದ ಹೊತ್ತಿನಲ್ಲಿ ಅದು ಇನ್ನೂ ಹೆಚ್ಚು. ಆದರೆ ಸಾರಾ ವಾಟರ್ಸ್, ಟೆಸ್ಸಾ ವೆಸ್ಟ್, ವೆಂಡಿ ಮೆಂಡೆಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. 12–14 ತಿಂಗಳ ಮಕ್ಕಳನ್ನು ಬೇರೆ ಕೋಣೆಯಲ್ಲಿಟ್ಟು, ತಾಯಂದಿರಲ್ಲಿ ಕೆಲವರಿಗೆ ಮುಖ ಗಂಟಿಕ್ಕಿದ ಪರೀಕ್ಷಕರ ಎದುರು ಭಾಷಣ ಮಾಡಿಸಿದರು. ತಾಯಿ ಮರಳಿ ಬಂದಾಗ ಮಗುವಿಗೆ ನಡೆದದ್ದು ಯಾವುದೂ ಗೊತ್ತಿಲ್ಲ. ಆದರೂ ತಾಯಿಯ ದೇಹದ ಒತ್ತಡ ಮಗುವಿನ ದೇಹದಲ್ಲಿ ಕಾಣಿಸಿತು, ಅಪರಿಚಿತರಿಂದ ಹಿಂಜರಿಯುವುದೂ ಹೆಚ್ಚಿತು. ಇದೂ ಸಿಂಕ್ರೊನಿಯೇ. ದಾಟಿದ್ದು ಒತ್ತಡ.

3–5 ವರ್ಷದವರ ಮೇಲೆ ಸಿಂಥಿಯಾ ಸುವೆಗ್ ತಂಡದ 2016ರ ಅಧ್ಯಯನ ನಿಮಗೆ ಇನ್ನೂ ಹತ್ತಿರ. ಸಂಕಷ್ಟ ಹೆಚ್ಚಿರುವ ಕುಟುಂಬಗಳಲ್ಲಿ ಹೃದಯ ಬಡಿತದ ಹೊಂದಾಣಿಕೆ ಹೆಚ್ಚಿದ್ದ ಮಕ್ಕಳಿಗೆ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳುವುದು ಕಷ್ಟವಾಗಿತ್ತು. ಇತ್ತ ಸಿಂಗಾಪುರದಲ್ಲಿ ಅಝಾರಿ, ಎಸ್ಪೊಸಿಟೊ ಮತ್ತಿತರರು 2019ರಲ್ಲಿ, ತಾಯಿ–ಮಗು ಒಟ್ಟಿಗೆ ಕಾರ್ಟೂನು ತುಣುಕು ನೋಡುವಾಗ ಮಿದುಳಿನ ಮುಂಭಾಗದ ಚಟುವಟಿಕೆ ಅಳೆದರು. ಪಾಲನೆಯ ಒತ್ತಡ ಹೆಚ್ಚಿದ್ದ ತಾಯಂದಿರಲ್ಲಿ ಹೊಂದಾಣಿಕೆ ಕಡಿಮೆ. ಒಂದು ಕಡೆ ಹೊಂದಾಣಿಕೆಯ ಜೊತೆ ಒತ್ತಡ ದಾಟುತ್ತದೆ, ಇನ್ನೊಂದು ಕಡೆ ಒತ್ತಡವೇ ಅದನ್ನು ತಗ್ಗಿಸುತ್ತದೆ. ಯಾವ ಅಂಗದ ಅಳತೆ, ಯಾವ ಸಂದರ್ಭ, ಯಾವ ಕುಟುಂಬ ಎಂದು ನೋಡದೆ ಒಂದು ಅಂಕೆಗೆ ಬಾಂಧವ್ಯ ಎಂದು ಹೆಸರಿಡಲು ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಸ್ಯಾಮ್ ವಾಸ್ ತಂಡದ 2019ರ ಕೆಲಸ. ಸುಮಾರು ಒಂದು ವರ್ಷದ ಮಕ್ಕಳಿಗೂ ಅವರನ್ನು ನೋಡಿಕೊಳ್ಳುವ ತಂದೆ ಅಥವಾ ತಾಯಿಗೂ ಧರಿಸುವ ಸಾಧನ ಕೊಟ್ಟು ಮನೆಯಲ್ಲೇ ಅಳೆದರು. ದಿನವಿಡೀ ಇಬ್ಬರೂ ಜೊತೆಗೂಡಿ ಏರಿಳಿಯುತ್ತಿರಲಿಲ್ಲ. ಮಗು ತೀರಾ ಉದ್ರೇಕಗೊಂಡ ಕ್ಷಣಗಳಲ್ಲಿ ದೊಡ್ಡವರ ದೇಹವೂ ಏರುತ್ತಿತ್ತು, ಹಾಗೆ ಹೆಚ್ಚು ಸ್ಪಂದಿಸಿದಾಗ ಮಗು ಬೇಗ ಸಮಾಧಾನವಾಗುತ್ತಿತ್ತು. ಬೇಕಾದಾಗ ಹತ್ತಿರ ಬಂದು, ಬೇಡವಾದಾಗ ಬಿಡುವ ಸಂಬಂಧ ಅದು. 3 ನಿಮಿಷದ ಸರಾಸರಿಯಲ್ಲಿ ಇದು ಕರಗಿಹೋಗುತ್ತದೆ.

ಆದ್ದರಿಂದ ನಿಮ್ಮ ಯೋಜನೆಯಲ್ಲಿ ದೃಶ್ಯ ಮುಗಿದ ನಂತರದ 2 ನಿಮಿಷ ಕಡ್ಡಾಯ ಇರಲಿ. ವಿಡಿಯೋ ನಿಲ್ಲಲಿ, ಇಬ್ಬರೂ ಬೇಕಾದ್ದು ಮಾತಾಡಲಿ. ಏರಿದವರಲ್ಲಿ ಮೊದಲು ಇಳಿದವರು ಯಾರು, ತಾಯಿ ಇಳಿದ ಮೇಲೆ ಮಗು ಎಷ್ಟು ಸೆಕೆಂಡಿಗೆ ಇಳಿಯಿತು, ಇವೇ ನೋಡಬೇಕಾದ್ದು. ಮಾತಾಡುವಾಗ ಉಸಿರಿನ ಲಯ ಕೆಡುವುದರಿಂದ ಈ ಭಾಗಕ್ಕೆ ಆರ್‌ಎಸ್‌ಎ ನಂಬಬೇಡಿ, ಬಡಿತದ ಅಂತರವನ್ನೇ ನೋಡಿ.

ಮತ್ತೊಂದು ಎಚ್ಚರ. ಮಗು ಕಣ್ಣು ನೆಟ್ಟು ನೋಡುವಾಗ ಬಡಿತ ನಿಧಾನವಾಗುತ್ತದೆ, ಬೆಚ್ಚಿದಾಗ ಏರುತ್ತದೆ. ತೆರೆಯ ಮೇಲೆ ಕಿರೀಟ ಕಾಣುವಾಗ ಮಗುವಿನದು ಇಳಿಯುತ್ತಿದ್ದು, ಮಗು ಹೆದರೀತೋ ಎಂಬ ಆತಂಕಕ್ಕೆ ತಾಯಿಯದು ಏರುತ್ತಿರಬಹುದು. ಆಗ ಸಹಸಂಬಂಧ ಋಣಾತ್ಮಕವಾಗಿ (ಸೊನ್ನೆಗಿಂತ ಕೆಳಗೆ) ಬರುತ್ತದೆ. ಅದನ್ನು ಸಂಬಂಧ ಇಲ್ಲ ಎಂದು ಓದಿದರೆ ತಪ್ಪು, ಆ ತಾಯಿ ಪರದೆ ಬಿಟ್ಟು ಮಗುವನ್ನೇ ನೋಡುತ್ತಿದ್ದಾಳೆ. ಇಬ್ಬರ ಮುಖಕ್ಕೂ ಒಂದೊಂದು ಕ್ಯಾಮರಾ ಇಟ್ಟು, ಕಣ್ಣು ಎಲ್ಲಿದೆ ಎಂದು ಸೆಕೆಂಡಿಗೊಮ್ಮೆ ಗುರುತಿಸಿ.

ಅಂಗನವಾಡಿ_ಮಂಜೇಶ್ವರ
ಕೋಣೆಯ ಒಳಗಿನ ಸಂಗತಿ ನಾನು ಹೇಳುತ್ತೇನೆ. ಬೆಳಿಗ್ಗೆ 10ರಿಂದ 11.30 ಒಳ್ಳೆಯ ಹೊತ್ತು. ಊಟದ ನಂತರ ಮಕ್ಕಳಿಗೆ ನಿದ್ದೆ ಎಳೆಯುತ್ತದೆ. ಬಂದ ಕೂಡಲೇ ಅಂಟಿಸಬೇಡಿ. ಮೊದಲು ಗೊಂಬೆಗೆ ಒಂದು ಎಲೆಕ್ಟ್ರೋಡ್ ಅಂಟಿಸಲು ಮಗುವಿನ ಕೈಗೇ ಕೊಡಿ, ಆಮೇಲೆ ತಾಯಿಗೆ, ಆಮೇಲೆ ತನಗೆ. ಸುಮ್ಮನೆ ಕೂರು ಎಂದರೆ ನಾಲ್ಕು ವರ್ಷದ ಮಗು ಕೂರುವುದಿಲ್ಲ, ಮೊದಲಿನ ಶಾಂತ ಅಳತೆಗೆ 3 ನಿಮಿಷ ಮೀನು ಈಜುವ ವಿಡಿಯೋ ಹಾಕಿ. ಹೆದರಿಕೆಯದ್ದನ್ನು ಕೊನೆಗೆ ಇಡಬೇಡಿ, ಮಗು ಅದೇ ಮನಸ್ಸಿನಲ್ಲಿ ಮನೆಗೆ ಹೋಗಬಾರದು. ಖುಷಿಯದ್ದು ಯಾವಾಗಲೂ ಕೊನೆಗೆ.

ಮೊಬೈಲು ಹೊರಗೆ ಇಡಿಸಿ. ಅಪ್ಪ ಗಲ್ಫಿನಲ್ಲಿರುವ ಮನೆಗಳು ಬಹಳ, ನಡುವೆ ವಿಡಿಯೋ ಕಾಲ್ ಬಂದರೆ ಮಗುವಿನ ಬಡಿತ ಬಣ್ಣದ ವೇಷಕ್ಕಿಂತ ಹೆಚ್ಚು ಏರುತ್ತದೆ.

ಮಾತಿನ ಬಗ್ಗೆ: ಒಪ್ಪಿಗೆ ಪತ್ರ ಕನ್ನಡ, ಮಲಯಾಳ ಎರಡರಲ್ಲೂ ಬೇಕು. ಮನೆಯಲ್ಲಿ ಆಡುವುದು ತುಳು, ಬ್ಯಾರಿ, ಹವ್ಯಕ, ಕೊಂಕಣಿ, ಮರಾಠಿ, ಏನೂ ಇರಬಹುದು. ದೃಶ್ಯದ ನಂತರ ಮಾತಾಡಿ ಎನ್ನುವಾಗ ನಿಮ್ಮ ಮನೆಮಾತಲ್ಲೇ ಮಾತಾಡಿ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಕೆಲವರು ನಿಮ್ಮ ಎದುರು ಶಾಲೆಯ ಕನ್ನಡಕ್ಕೆ ಹೋಗುತ್ತಾರೆ, ಮಗು ಸುಮ್ಮನಾಗುತ್ತದೆ.

ಮಗುವನ್ನು ಹಗಲಿಡೀ ನೋಡಿಕೊಳ್ಳುವುದು ಅಜ್ಜಿಯಾದರೆ ಅವರನ್ನು ತೆಗೆದುಕೊಳ್ಳಬಹುದಾ?

ಅಂಕಿಅಂಶ_ಉಪ್ಪಳ
ಟೀಚರ್, ಅಜ್ಜಿಯನ್ನು ತಾಯಂದಿರ ಗುಂಪಿಗೆ ಸೇರಿಸುವುದು ಬೇಡ. ವಯಸ್ಸಾದಂತೆ ಆರ್‌ಎಸ್‌ಎ ಕಡಿಮೆಯಾಗುತ್ತದೆ, ಬಿಪಿ ಮಾತ್ರೆಯೂ ಇರುತ್ತದೆ. ಅಜ್ಜಿಯರದೇ ಬೇರೆ ಅಧ್ಯಯನ ಆದರೆ ಬಹಳ ಒಳ್ಳೆಯದು, ಈ ಕಡೆಯ ಮನೆಗಳಿಗೆ ಅದು ಬೇಕು ಕೂಡ.

ಮಗುಮನಸ್ಸು_ಅಧ್ಯಾಪಕಿ
ಅನುಮತಿಯ ಬಗ್ಗೆ. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಮೊದಲು, ಆಮೇಲೆ ಅಂಗನವಾಡಿ ನಡೆಸುವ ಇಲಾಖೆಯ ಲಿಖಿತ ಅನುಮತಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿಯಂತೆ 7ರಿಂದ 12 ವರ್ಷದ ಮಕ್ಕಳ ಸಮ್ಮತಿ ಬಾಯಿಮಾತಿನಲ್ಲಿ ಪಡೆಯಬೇಕು. ನಿಮ್ಮವರು ಅದಕ್ಕಿಂತ ಚಿಕ್ಕವರು, ಹೆತ್ತವರ ಸಹಿ ಇರುತ್ತದೆ. ಆದರೂ ಮಗು ಬೇಡ ಎಂದರೆ, ತಂತಿ ಕಿತ್ತರೆ, ತಲೆ ತಿರುಗಿಸಿ ಅತ್ತರೆ ಅಲ್ಲಿಗೆ ನಿಲ್ಲಿಸಬೇಕು. ಎಷ್ಟು ಸೆಕೆಂಡ್ ಅತ್ತರೆ ನಿಲ್ಲಿಸುವುದು ಎಂದು ಮೊದಲೇ ಬರೆದಿಡಿ, 10 ಸೆಕೆಂಡ್ ಸಾಕು. ನಿಲ್ಲಿಸುವ ಗುಂಡಿ ತಾಯಿಯ ಕೈಯಲ್ಲಿರಲಿ.

ಎಣ್ಮಕಜೆ, ಪಡ್ರೆ ಕಡೆಗೆ ಹೋಗುವುದಾದರೆ ಇನ್ನೂ ಜಾಗ್ರತೆ. ಎಂಡೋಸಲ್ಫಾನ್ ಕೀಟನಾಶಕದ ದುರಂತದ ನಂತರ ಆ ಊರಿನವರ ಮನೆಬಾಗಿಲಿಗೆ ಸರ್ವೆಯವರು ಮತ್ತೆ ಮತ್ತೆ ಹೋಗಿದ್ದಾರೆ. ಮಗುವಿನ ಎದೆಗೆ ತಂತಿ ಹಾಕುತ್ತೇವೆ ಎಂದರೆ ಅಲ್ಲಿನ ತಾಯಿಗೆ ಕಾಯಿಲೆಯ ಪರೀಕ್ಷೆ ಎಂದೇ ಅನ್ನಿಸುತ್ತದೆ. ಇದು ಆರೋಗ್ಯ ತಪಾಸಣೆ ಅಲ್ಲ ಎಂಬ ಮಾತು ಪತ್ರದ ಮೊದಲ ಸಾಲಿನಲ್ಲೇ ಇರಬೇಕು.

ಪೆರಿಯ_ಎಂಎಸ್ಸಿ
ಎಲ್ಲರಿಗೂ ತುಂಬಾ ಉಪಕಾರವಾಯಿತು. ಕೊನೆಗೆ ಒಂದು: ತಾಯಂದಿರು ನಮ್ಮದು ಎಷ್ಟು ಬಂತು ಎಂದು ಕೇಳಿದರೆ?

ಮಗುಮನಸ್ಸು_ಅಧ್ಯಾಪಕಿ
ಒಬ್ಬೊಬ್ಬರ ಅಂಕೆ ಕೊಡಬೇಡಿ. ಒಂದು ಜೋಡಿಯ ಬಗ್ಗೆ ಹೇಳುವಷ್ಟು ಬಲ ಈ ಅಳತೆಗೆ ಇಲ್ಲ, ಉಪ್ಪಳದ ಸರ್ ಮೇಲೆ ಲೆಕ್ಕ ಸಮೇತ ತೋರಿಸಿದ್ದಾರೆ. ಪಕ್ಕದ ಮನೆಯವಳಿಗೆ 0.4, ನನಗೆ 0.1 ಎಂದು ಕೇಳಿಸಿಕೊಂಡ ತಾಯಿ ತನ್ನಲ್ಲೇ ಏನೋ ಕೊರತೆ ಉಂಟೆಂದು ಕೊರಗುತ್ತಾಳೆ. ಅಂಕೆ ಕೊಡುವುದಿಲ್ಲ, ಯಾಕೆ ಕೊಡುವುದಿಲ್ಲ ಎಂಬುದನ್ನು ಒಪ್ಪಿಗೆ ಪಡೆಯುವಾಗಲೇ ಹೇಳಿ. ಎಲ್ಲ ಮುಗಿದ ಮೇಲೆ ಅಂಗನವಾಡಿಯಲ್ಲೇ ತಾಯಂದಿರನ್ನು ಸೇರಿಸಿ, ಗುಂಪಿನ ಒಟ್ಟು ಫಲಿತಾಂಶವನ್ನು ಅವರ ಮಾತಿನಲ್ಲಿ ವಿವರಿಸಿ.

ಅಂಗನವಾಡಿ_ಮಂಜೇಶ್ವರ
ಆ ಸಭೆಯನ್ನು ತಾಯಂದಿರ ತಿಂಗಳ ಸಭೆಯ ದಿನವೇ ಇಡಿ. ಬೇರೆ ದಿನ ಕರೆದರೆ ಬೀಡಿ ಕಟ್ಟುವವರಿಗೆ ಒಂದು ದಿನದ ಕೂಲಿ ಹೋಗುತ್ತದೆ.